ತವುಡಿಗೆ ಕೊಂಡ ಮಗಳು

ಮೊಮ್ಮಗನ ಜನನ ಪತ್ರ ಬಂತು ನೋಡಿ. ಹೆಸರು, ತಾರೀಖು, ತಂದೆ, ತಾಯಿ, ಎಲ್ಲ ಅಚ್ಚುಕಟ್ಟು. "ಒಂದು ತಪ್ಪೂ ಇಲ್ಲ ಅತ್ತೆ" ಎಂದಳು ಸೊಸೆ. ನನಗೆ ನಗು ಬಂತು. ನನ್ನ ಹುಟ್ಟಿನ ದಾಖಲೆಯಲ್ಲಿ ಸರಿಯಾಗಿದ್ದದ್ದು 'ಹೆಣ್ಣು' ಎಂಬುದೊಂದೇ!

ನಾನು ಹುಟ್ಟಿದ್ದು ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ. ನನಗಿಂತ ಮುಂಚೆ ಅಮ್ಮನಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ಅಂಥ ಮನೆಗಳಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಯವಳಿಗೆ ಕೊಟ್ಟುಬಿಡುವುದು, ಆಮೇಲೆ ಒಂದು ಮೊರ ತವುಡು ಕೊಟ್ಟು ಅವಳಿಂದ ಕೊಂಡುಕೊಳ್ಳುವುದು ಪದ್ಧತಿ. ಇದು ಬೇರೆ ಮನೆಯ ಮಗು ಎಂದು ಯಮ ಏಮಾರಬೇಕಂತೆ. ನನ್ನನ್ನು ಎದುರುಮನೆಯ ಮುನೆಮ್ಮನಿಗೆ ಕೊಟ್ಟರು. ಪಾಪ, ಅವಳಿಗೆ ಮಕ್ಕಳಿರಲಿಲ್ಲ. ತವುಡು ಅಳೆಯುವ ಮೊದಲೇ ಪಟೇಲರು ಹುಟ್ಟು ಸಾವಿನ ಪುಸ್ತಕ ಹಿಡಿದು ಬಂದರು. ಆ ಪುಸ್ತಕ ಚಿತ್ರಗುಪ್ತನ ಕೈಗೂ ಹೋಗುತ್ತದೆಂದು ನಮ್ಮಜ್ಜಿಯ ನಂಬಿಕೆ. "ಮಗು ಮುನೆಮ್ಮಂದು, ಬರ್ಕೊಳ್ಳಿ" ಎಂದುಬಿಟ್ಟಳು ಅಜ್ಜಿ. ಬರೆದರು.

ಸಂಜೆ ತವುಡು ಕೊಟ್ಟು ನನ್ನನ್ನು ವಾಪಸ್ ಕೊಂಡರು. ಅಂದಿನಿಂದ ಮುನೆಮ್ಮ ನನ್ನನ್ನು 'ತವುಡಿ' ಎಂದೇ ಕರೆಯುತ್ತಿದ್ದಳು. ನನಗೋ ಉರಿಯುತ್ತಿತ್ತು.

ಹದಿನಾರು ವರ್ಷ ಯಾರಿಗೂ ಆ ಪುಸ್ತಕದ ನೆನಪಾಗಲಿಲ್ಲ. ಆಮೇಲೆ ನನಗೆ ಮೇಷ್ಟರಮ್ಮನಾಗುವ ಹುಚ್ಚು ಹತ್ತಿತು. ಕೋಲಾರದ ತರಬೇತಿಗೆ ಹುಟ್ಟಿನ ದಾಖಲೆಯ ನಕಲು ಬೇಕೆಂದರು. ಅಪ್ಪನ ಜೊತೆ ಮುಳಬಾಗಿಲಿನ ಕಚೇರಿಗೆ ಹೋದರೆ ಗುಮಾಸ್ತರು ಕನ್ನಡಕ ಏರಿಸಿ, "ಅರ್ಜೀಲಿ ತಾಯಿ ಸೀತಮ್ಮ, ಪುಸ್ತಕದಲ್ಲಿ ಮುನೆಮ್ಮ. ಯಾರ ಮಗಳಮ್ಮಾ ನೀನು?" ಎಂದರು. ಮುನೆಮ್ಮನೇ ಬಂದು ಹೆಬ್ಬೆಟ್ಟು ಒತ್ತಬೇಕು, ಸೋಮವಾರ ದಾಟಿದರೆ ಸೀಟಿಲ್ಲ. ಊರು ಬರುವವರೆಗೂ ಬಸ್ಸಿನಲ್ಲಿ ದನಿ ತೆಗೆದು ಅತ್ತೆ, ನಾಚಿಕೆಯಿಲ್ಲದೆ.

"ಅಳ್ಬೇಡ ನಾ ತಲ್ಲಿ, ನನ್ನಮ್ಮಾ, ನಾನ್ ಬರ್ತೀನಿ" ಎಂದಳು ಮುನೆಮ್ಮ. ಸೋಮವಾರ ಒಗೆದ ಸೀರೆ ಉಟ್ಟು ಬಂದಳು. ಗುಮಾಸ್ತರು ಹೇಳಿಕೆ ಬರೆದು ಓದಿದರು: "ಈಕೆ ನನ್ನ ಮಗಳಲ್ಲ." ಮಸಿ ಹಚ್ಚಿದ ಹೆಬ್ಬೆಟ್ಟನ್ನು ಮುನೆಮ್ಮ ಹಿಂದಕ್ಕೆ ಎಳೆದುಕೊಂಡಳು.

"ನಾನು ಹೆತ್ತಿಲ್ಲ ಅಂತ ಬರೀರಿ ಸ್ವಾಮಿ, ಒತ್ತುತೀನಿ. ಮಗಳಲ್ಲ ಅಂತ ಮಾತ್ರ ಬೇಡ. ಅರ್ಧ ದಿನ ನನ್ ಮಗಳಾಗಿದ್ಲು ಇವಳು."

ಗುಮಾಸ್ತರು ಆ ಸಾಲು ಹೊಡೆದುಹಾಕಿ ಅವಳು ಹೇಳಿದಂತೆಯೇ ಬರೆದರು. ಸೀಟು ಸಿಕ್ಕಿತು. ತವುಡಿ ಎಂದರೆ ಆಮೇಲೆ ನನಗೆ ಉರಿಯಲಿಲ್ಲ.

ಇವತ್ತು ಸಂಜೆ ಎದುರುಮನೆಯ ಹುಡುಗಿ ಮಗು ನೋಡಲು ಬಂದಳು. ಮೊಮ್ಮಗನನ್ನು ಮೊರದಲ್ಲಿಟ್ಟು ಅವಳ ಮುಂದೆ ಹಿಡಿದು, "ತಗೋ, ಇವನು ನಿನ್ನ ಮಗ" ಎಂದೆ. ಅಡುಗೆಮನೆಯಲ್ಲಿ ತವುಡೆಲ್ಲಿ ಬರಬೇಕು? ಸೊಸೆಯ ಓಟ್ಸ್ ಡಬ್ಬಿ ತಂದೆ.

"ವಾಪಸ್ ಕೊಡಲ್ಲ ಅಂದ್ರೆ ಏನ್ ಮಾಡ್ತೀರಜ್ಜಿ?" ಎಂದು ನಕ್ಕಳು.

"ಕೊಡು, ಆದ್ರೆ ಪೂರ್ತಿ ಕೊಡಬೇಡ ಕಣೇ" ಎಂದೆ.