ಎರಡು ಚೀಲಕ್ಕೆ ಒಂದೇ ಹೆಸರು

ಬೆಳಕು ಇನ್ನೂ ಕಿಟಕಿ ಮುಟ್ಟಿಲ್ಲ. ದ್ರವ ಸೋಪು ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ, ಎಲ್ಲರೂ ‘ಅಕ್ಕ’ ಎನ್ನುವ ಹೆಂಗಸು ಬಿಳಿ ಚಕ್ಕೆಗಳನ್ನು ತಕ್ಕಡಿಗೆ ಸುರಿಯುತ್ತಿದ್ದಾರೆ. ಸುರಿಯುವ ಮೊದಲು ಚೀಲದ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ. “ಅಕ್ಕ ಪರೀಕ್ಷೆಗೆ ಕೂತಿದ್ದಾಳೆ ಕಣ್ರೋ!” ಎಂದು ಜೊತೆಯವರು ನಗುತ್ತಾರೆ. ಅಕ್ಕ ನಗುವುದಿಲ್ಲ.

ಎಣ್ಣೆಯನ್ನು ಸೋಪಾಗಿಸುವ ಕ್ಷಾರಗಳು ಎರಡು. ಇಲ್ಲಿ ಪೊಟ್ಯಾಷಿಗೂ ಕಾಸ್ಟಿಕ್ ಎನ್ನುತ್ತಾರೆ, ಸೋಡಾಕ್ಕೂ ಕಾಸ್ಟಿಕ್ ಎನ್ನುತ್ತಾರೆ. ನೋಡಲು ಎರಡೂ ಒಂದೇ. ಆದರೆ ಎಣ್ಣೆ ಕಿಲೋ ಲೆಕ್ಕಕ್ಕೆ ಬಗ್ಗುವುದಿಲ್ಲ, ಅದಕ್ಕೆ ಬೇಕಾದದ್ದು ಕಣಗಳ ಲೆಕ್ಕ. ರಸಾಯನಶಾಸ್ತ್ರ ಆ ಲೆಕ್ಕದ ಅಳತೆಯನ್ನು ಮೋಲ್ ಎನ್ನುತ್ತದೆ. ಒಂದು ಮೋಲ್ ಪೊಟ್ಯಾಷ್ ಐವತ್ತಾರು ಗ್ರಾಂ ತೂಗಿದರೆ, ಒಂದು ಮೋಲ್ ಸೋಡಾ ನಲವತ್ತೇ ಗ್ರಾಂ. ಹಾಗಾಗಿ ಐವತ್ತಾರು ಕಿಲೋ ಪೊಟ್ಯಾಷ್ ಮಾಡುವ ಕೆಲಸವನ್ನು ನಲವತ್ತು ಕಿಲೋ ಸೋಡಾ ಮುಗಿಸಿಬಿಡುತ್ತದೆ. ಎಣ್ಣೆ ತೀರಿತೋ, ಸೋಪಾಗುವುದೂ ಅಲ್ಲಿಗೇ ನಿಂತಿತು. ಉಳಿಯುವುದು ಬರೀ ಸುಡುವ ಕ್ಷಾರ.

ಹೋದ ವರ್ಷ ಗೋದಾಮಿನಿಂದ ಪೊಟ್ಯಾಷ್ ಬದಲು ಸೋಡಾ ಬಂತು. ಅಕ್ಕ ಎಂದಿನಂತೆ ಐವತ್ತಾರು ಕಿಲೋ ತೂಗಿ ಹಾಕಿದರು. ಹದಿನಾರು ಕಿಲೋ ಸೋಡಾ, ಸೇರಲು ಎಣ್ಣೆ ಸಿಗದೆ, ಕಡಾಯಿಯಲ್ಲೇ ಉಳಿಯಿತು. ಸೋಡಾದ ಸೋಪು ಪೊಟ್ಯಾಷಿನದರಂತೆ ದ್ರವವಾಗಿರದೆ ಗಟ್ಟಿಯಾಗುತ್ತದೆ. “ಯಾಕೋ ಗಟ್ಟಿಯಾಗ್ತಿದೆ ಸಾರ್ ಅಂದೆ. ನೀರು ಹಾಕಮ್ಮ, ತಲೆ ತಿನ್ಬೇಡ ಅಂದ್ರು ಮೇಸ್ತ್ರಿ,” ಎನ್ನುತ್ತಾರೆ ಅಕ್ಕ. ತಳ ಕೆರೆದು ಡಬ್ಬಿ ತುಂಬುವ ಕೆಲಸ ಅಕ್ಕನ ಒಡಹುಟ್ಟಿದ ತಂಗಿಯದು. ಅವಳ ಕೈಗವಸು ಹರಿದಿತ್ತು. ಎಣ್ಣೆ ಸಿಗದ ಕ್ಷಾರಕ್ಕೆ ಅವಳ ಅಂಗೈ ಸಿಕ್ಕಿತು. ಆ ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದವರು ಈ ಕೈಗಳನ್ನು ನೋಡಿರಲಾರರು. ಆಸ್ಪತ್ರೆಗೆ ಬಂದ ಮಾಲೀಕರು ತಂಗಿಗೆ ಹೇಳಿದ್ದು ಒಂದೇ ಮಾತು: “ನಿಮ್ಮಕ್ಕ ಅಳತೆ ತಪ್ಪಿದ್ಲಮ್ಮ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಈ ವರದಿಗೆಂದು ನಾನು ಕೇಳಿದಾಗಲೂ ಅವರು ಜಗ್ಗಲಿಲ್ಲ. “ಕಾಸ್ಟಿಕ್ ಅಂದ್ರೆ ಕಾಸ್ಟಿಕ್ ಕಣ್ರೀ, ಅದ್ರಲ್ಲೇನು ಬೇರೆ?” ನನಗೆ ಮೈಯೆಲ್ಲ ಉರಿಯಿತು.

ತಂಗಿ ಅಕ್ಕನ ಜೊತೆ ಮಾತು ಬಿಟ್ಟಿದ್ದಾಳೆ. ಅಕ್ಕ ಮಾತ್ರ ಕೆಲಸ ಮುಗಿಸಿ ದಿನಾ ಅವಳ ಮನೆಗೆ ಹೋಗುತ್ತಾರೆ, ಜಡೆ ಹಾಕುತ್ತಾರೆ, ತುತ್ತು ಮಾಡಿ ಬಾಯಿಗಿಡುತ್ತಾರೆ. ತಂಗಿ ಗೋಡೆ ನೋಡುತ್ತಲೇ ನುಂಗುತ್ತಾಳೆ.

ಇಷ್ಟಾದರೂ ಇಲ್ಲೇ ಯಾಕಿದ್ದೀರಿ ಎಂದರೆ, “ನಾನು ಬಿಟ್ರೆ ಚೀಲ ಓದೋರು ಯಾರು?” ಎನ್ನುತ್ತಾರೆ. ಅವರ ಆಸೆ ಒಂದೇ. “ಮಾಲೀಕ್ರು ಅವಳ ಮುಂದೆ ಒಂದ್ಸಲ, ಚೀಲ ಬದಲಾಗಿತ್ತು ಅಂದ್ರೆ ಸಾಕು. ಕೊನೇ ಸಲ ಮಾತಾಡ್ದಾಗ ಅವಳು ಕೇಳಿದ್ದು ಇಷ್ಟೇ, ತೂಗಿದ್ದು ಯಾರಕ್ಕ ಅಂತ. ನಾನೇ ಅಂದೆ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿ ಇಲ್ಲ, ಸರಿಯಾಗೇ ತೂಗಿದ್ದೆ.”