ಮಗ ಎತ್ತದ ಗುಂಡುಕಲ್ಲು

ಭಜನೆಯ ಗೆಳತಿಯರೇ, ಇವತ್ತು ಏಕಾದಶಿ. ಕೊಟ್ಟಿಗೆ ಗುಡಿಸಿ, ಅಂಗಳಕ್ಕೆ ನೀರು ಹಾಕಿ, ಎಂದಿನಂತೆ ಗುಂಡುಕಲ್ಲನ್ನೂ ತೊಳೆದು ಕುಂಕುಮ ಇಟ್ಟೆ. ಎತ್ತುವ ಮೊದಲು ಕುಂಕುಮ ಇಡುವುದು ನಮ್ಮಲ್ಲಿ ಪದ್ಧತಿ. ಯಜಮಾನರು ಕಸರತ್ತಿಗೆಂದು ಹಾಸನದ ಕಡೆಯಿಂದ ಗಾಡಿಯಲ್ಲಿ ಹೇರಿಕೊಂಡು ಬಂದ ಕಲ್ಲು ಅದು. ಅವರು ತೀರಿಕೊಂಡ ಮೇಲೆ ಮಗ ದಿನಾ ಅದನ್ನು ಹೆಗಲಿಗೆತ್ತುತ್ತಿದ್ದ. ಸಿದ್ದಾಪುರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆದಮೇಲೆ ಮುಟ್ಟಿಲ್ಲ.

ಇವತ್ತು ಮನೆಗೆ ಬಂದಿದ್ದ. "ಹನುಮ ಜಯಂತಿಗೆ ಗುಡಿ ಮುಂದೆ ಎತ್ತಬೇಕಲ್ಲೋ, ಒಂದ್ಸಲ ಎತ್ತಿ ನೋಡು" ಅಂದೆ.

"ಶಕ್ತಿ ಇದೆ ಕಣಮ್ಮ, ಆಸೆನೇ ಹೋಗಿದೆ. ಬೆಳಗಾದ್ರೆ ಕಾಫಿ ಪಿಕಿಂಗಿಗೆ ಯಾರು ಬಂದ್ರು, ಆಳುಗಳ ಲೈನ್‌ಮನೇಲಿ ಯಾರಿಗೆ ಜ್ವರ, ಇದೇ ತಲೇಲಿ."

"ನಿಮ್ಮಪ್ಪನ ಕಲ್ಲು ಕಣೋ!" ಎಂದು ಅತ್ತುಬಿಟ್ಟೆ. ನನ್ನ ಸಮಾಧಾನಕ್ಕೆಂದು ಬಗ್ಗಿ ಕೈ ಹಾಕಿದ.

ಗದ್ದೆ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಬೇಲಿ ದಾಟಿ ಓಡಿಬಂದಳು. "ಅಯ್ಯೋ ರೈಟ್ರೇ, ಸ್ವಾಮೀನ ಕೀಳ್ತೀರಾ? ದಿನಾ ಕೈಮುಗಿದು ಹೋಗ್ತೀನಿ ನಾನು!" ನಮ್ಮದೇ ಗಿಡದ ದಾಸವಾಳ ಕಿತ್ತು ಕಲ್ಲಿನ ಮೇಲಿಟ್ಟಳು.

ಮಗ ನನ್ನ ಮುಖ ನೋಡಿದ. ಎತ್ತುವವರಿಲ್ಲದ ಕಲ್ಲಿಗೆ ನಾನಿಟ್ಟ ಕುಂಕುಮವೇ ಅದನ್ನು ದೇವರು ಮಾಡಿತ್ತು. ಬರೀ ಗುಂಡು ಕಣೇ ಎನ್ನಲು ನನಗೆ ಬಾಯಿ ಬರಲಿಲ್ಲ. "ಬಿಡಪ್ಪ" ಅಂದೆ. ಅವನೂ ಕೈಮುಗಿದು ಬಸ್ಸಿಗೆ ಹೊರಟ.

ಈ ಸಲ ಮಗ ಎತ್ತುತ್ತಾನಾ ಎಂದು ಕೇಳಿ ಕಳಿಸಿದ್ದಿರಲ್ಲ? ಇಲ್ಲ. ಉಪವಾಸದಲ್ಲಿ ಭಜನೆಗೆ ಅಷ್ಟು ದೂರ ನಡೆಯಲಾರೆ, ಅದಕ್ಕೇ ಈ ಚೀಟಿ ಕಳಿಸಿದ್ದೇನೆ; ಯಾರಾದರೂ ಒಮ್ಮೆ ಬಂದು ಹೋಗಿ. ಬರುವಾಗ ಸ್ವಾಮಿಗೆ ಒಂದು ಹೂವು ತನ್ನಿ, ನಮ್ಮ ಗಿಡದಲ್ಲಿ ಮುಗಿದಿದೆ.