ರಂಗೋಲಿಯ ಪಕ್ಕದ ಅಕ್ಷರಗಳು

ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದೆ. ಸಂಜಯನಗರದ ನಮ್ಮ ಮನೆಗೆ ಕೆಲಸಕ್ಕೆ ಬರುವ ರತ್ನಮ್ಮ ರಂಗೋಲಿ ಮುಗಿಸಿ, ಪಕ್ಕದಲ್ಲೇ ಅದೇ ಪುಡಿಯಿಂದ ಇಂಗ್ಲಿಷ್ ಅಕ್ಷರ ಬಿಡಿಸುತ್ತಿದ್ದಳು. ಎಡಗೈಯಲ್ಲಿ ಖಾಲಿ ಮಾತ್ರೆ ಶೀಟು. ನನ್ನನ್ನು ಕಂಡು ಗಾಬರಿಯಾಗಿ, "ಅಳಿಸ್ಬಿಡ್ತೀನಮ್ಮ" ಎಂದಳು.

"ಇರ್ಲಿ ಬಿಡೆ. ಈ ವಯಸ್ಸಲ್ಲಿ ಇಂಗ್ಲಿಷ್ ಕಲ್ತು ಫಾರಿನ್‌ಗೆ ಹೋಗ್ತೀಯಾ?" ಎಂದು ನಕ್ಕೆ.

"ಎಲ್ಲೀ ಫಾರಿನ್ನಮ್ಮ! ನಮ್ ಯಜಮಾನ್ರಿಗೆ ಕೆಂಪು ಶೀಟು ಬಿಪಿದು, ನೀಲಿ ಶೀಟು ಶುಗರ್‌ದು ಅಂತ ಬಣ್ಣ ನೋಡಿ ಕೊಡ್ತಿದ್ದೆ. ಓದ್ ತಿಂಗ್ಳು ಅಂಗ್ಡಿಯೋರು ಬೇರೆ ಕಂಪ್ನೀದು ಕೊಟ್ರು, ಬಣ್ಣ ಅದಲು ಬದಲಾಗಿತ್ತು. ನಂಗೊತ್ತಾಗ್ದೆ, ದಿನಕ್ಕೆರಡು ಕೊಡೋ ಬಿಪಿ ಮಾತ್ರೆ ಅಂತ ಶುಗರ್ ಮಾತ್ರೆನೇ ಜಾಸ್ತಿ ಕೊಟ್ಬಿಟ್ಟೆ. ತಲೆ ಸುತ್ತಿ ಬಿದ್ದೋದ್ರು. ದೇವ್ರು ದೊಡ್ಡೋನು, ಉಳ್ಕೊಂಡ್ರು. ಇನ್ಮೇಲೆ ಬಣ್ಣ ನಂಬಲ್ಲ ಕಣಮ್ಮ."

ರತ್ನಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊಮ್ಮಗಳಿಂದ ಕಲಿತು, ಮರೆಯಬಾರದೆಂದು ದಿನಾ ಒಂದು ಮಾತ್ರೆಯ ಹೆಸರನ್ನು ನಮ್ಮ ಬಾಗಿಲಲ್ಲಿ ಬರೆದು ಅಳಿಸುತ್ತಿದ್ದಳಂತೆ. ಅಕ್ಷರಗಳು ಅವಳ ರಂಗೋಲಿ ಎಳೆಯಷ್ಟೇ ದುಂಡಗಿದ್ದವು.

ಮಾತ್ರೆಯ ಹೆಸರು ಓದಬಲ್ಲೆ ಎನ್ನುವುದೂ ದೇವರು ನನಗೆ ಕೊಟ್ಟದ್ದೆಂದು ಅಲ್ಲಿಯವರೆಗೆ ಎಣಿಸಿರಲಿಲ್ಲ. ಹಾಲು ತಂದು, ಅಕ್ಷರಗಳನ್ನು ತುಳಿಯದಂತೆ ಬಳಸಿ ಒಳಬಂದು, ದೀಪ ಹಚ್ಚುವಾಗ ಅದನ್ನೂ ಸೇರಿಸಿ ಕೈಮುಗಿದೆ.